ಕನ್ನಡ ಮೇಲ್: ಹಳೆಯ ಫಾಂಟ್, ಪಿಡಿಎಫ್, ಯೂನಿಕೋಡ್ – ಕಳಿಸಿ ನೋಡಿದ ಹೋಲಿಕೆ

ಉಡುಪಿಯ ನಮ್ಮ ಯಕ್ಷಗಾನ ಸಂಘದ ಮೇಲ್ ಕೆಲಸ ನನ್ನದು. ಆಟ ಎಲ್ಲಿ, ತಾಳಮದ್ದಳೆ ಯಾವಾಗ ಅಂತ ಊರಿನವರಿಗೂ, ಮುಂಬೈ, ದುಬೈಯಲ್ಲಿರುವ ಸದಸ್ಯರಿಗೂ ಕನ್ನಡದಲ್ಲೇ ತಿಳಿಸಬೇಕು. ಅದಕ್ಕಾಗಿ ಇರುವ ದಾರಿಗಳನ್ನೆಲ್ಲ ಕಳಿಸಿ ನೋಡಿದೆ. ನನ್ನ ಆಯ್ಕೆ ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ವ್ಯವಸ್ಥೆ. ಆದರೆ ಅದನ್ನು ಹೇಗೆ ಕಳಿಸುತ್ತೇವೆ ಅನ್ನುವುದೂ ಮುಖ್ಯ.

ಹಳೆಯ ಫಾಂಟಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಕನ್ನಡದ ರೂಪ ಮಾತ್ರ ಫಾಂಟಿನದ್ದು. ಫೋನಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಡಿಟಿಪಿಗೆ ಸರಿ, ಮೇಲ್‌ಗೆ ಬೇಡ. ಪಿಡಿಎಫ್ ಎಲ್ಲ ಕಡೆ ಅಂದವಾಗಿ ಕಾಣುತ್ತದೆ, ಕರಪತ್ರಕ್ಕೆ ಅದೇ ಒಳ್ಳೆಯದು. ಆದರೆ ಮೇಲ್ ತೆರೆದ ಮೇಲೆ ಫೈಲನ್ನೂ ತೆರೆಯಬೇಕು. ನಮ್ಮ ಹಿರಿಯ ಸದಸ್ಯರು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಈಗ ಯೂನಿಕೋಡ್‌ಗೆ ಬರೋಣ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರದ್ದು, 7 ಬಿಟ್‌ನ ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ್ದು. ಅದೇ ದಾರಿಯಲ್ಲಿ ಬೇರೆ ಲಿಪಿಗಳನ್ನೂ ಕಳಿಸಲು 1992ರಲ್ಲಿ ಮೈಮ್ ಬಂತು. ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರಗಳಾಗಿ ಬದಲಿಸಲು ಅದರಲ್ಲಿ ಎರಡು ಬಗೆ: ಮೂರು ಬೈಟಿಗೆ ನಾಲ್ಕು ಅಕ್ಷರ ಬರೆಯುವ ಬೇಸ್64, ಮತ್ತು ಇಂಗ್ಲಿಷನ್ನು ಹಾಗೇ ಬಿಟ್ಟು ಉಳಿದ ಒಂದೊಂದು ಬೈಟಿಗೂ ಮೂರು ಅಕ್ಷರ ಬರೆಯುವ ಕೋಟೆಡ್-ಪ್ರಿಂಟೆಬಲ್. 'ಮಂಗಳೂರು' ಪದವನ್ನೇ ನೋಡಿ. ಸೊನ್ನೆ, ಕೊಂಬು ಎಲ್ಲ ಸೇರಿ 7 ಸಂಕೇತ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯೂಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಬೇಸ್64ರಲ್ಲಿ ಇದು 28 ಅಕ್ಷರವಾಗುತ್ತದೆ, ಕೋಟೆಡ್-ಪ್ರಿಂಟೆಬಲ್‌ನಲ್ಲಿ 63! ನಡುನಡುವೆ ಒಂದೆರಡು ಕನ್ನಡ ಪದ ಇರುವ ಇಂಗ್ಲಿಷ್ ಪತ್ರಕ್ಕೆ ಎರಡನೆಯದೇ ಹಗುರ. ಪೂರ್ತಿ ಕನ್ನಡದ ಪತ್ರಕ್ಕೆ ಬೇಸ್64 ಬಿಟ್ಟು ಬೇರೆ ಯೋಚನೆ ಬೇಡ. ನಿಮ್ಮ ಮೇಲ್ ಯಾವುದನ್ನು ಬಳಸುತ್ತಿದೆ ಅಂತ ಜಿಮೇಲ್‌ನ 'ಶೋ ಒರಿಜಿನಲ್' ಒತ್ತಿ ನೋಡಬಹುದು.

ನಿಜವಾದ ಪರೀಕ್ಷೆ ಇರುವುದು ವಿಷಯದ ಸಾಲಿನಲ್ಲಿ (ಸಬ್ಜೆಕ್ಟ್). ಅಲ್ಲಿ ಕನ್ನಡವನ್ನು ತುಂಡು ತುಂಡಾಗಿ ಕಳಿಸಬೇಕು, ಒಂದು ತುಂಡು 75 ಅಕ್ಷರ ದಾಟುವಂತಿಲ್ಲ. ತಲೆ-ಬಾಲದ ಗುರುತುಗಳನ್ನು ಕಳೆದರೆ ಬೇಸ್64ರಲ್ಲಿ 45 ಬೈಟ್, ಅಂದರೆ ಕನ್ನಡದ 15 ಸಂಕೇತ ಹಿಡಿಯುತ್ತದೆ. 'ಬ್ರಹ್ಮಾವರ ತಾಳಮದ್ದಳೆ' ಅಂದರೇ 55 ಬೈಟ್ ಆಯಿತು. ಒಂದು ಸಂಕೇತದ ನಡುವೆ ತುಂಡು ಮಾಡಬಾರದು ಅಂತ ನಿಯಮವೇ ಇದೆ. ಆದರೂ ನಾನು ನೋಡಿದ ಒಂದು ಸಾಮೂಹಿಕ ಮೇಲ್ ಸೇವೆ ಸುಮ್ನೆ ಬೈಟ್ ಎಣಿಸಿ ಕತ್ತರಿಸುತ್ತಿತ್ತು. 45ಕ್ಕೆ ಕತ್ತರಿಸಿದರೆ ಪೆಟ್ಟು ಬೀಳುವುದು 'ದ್ದ'ದ ಒತ್ತಿಗೆ. ಸದಸ್ಯರಿಗೆ ಕಂಡದ್ದು ನಡುವೆ ಪ್ರಶ್ನೆ ಚಿಹ್ನೆ ಇರುವ ತಾಳಮದ್ದಳೆ. ತಮ್ಮ ಭಾಷೆಯಲ್ಲಿ ಬಂದ ಆಮಂತ್ರಣ ಹೀಗೆ ಒಡೆದು ತಲುಪಿದರೆ ಬೇಸರವಾಗುತ್ತೆ, ಅಲ್ವಾ? ಸೇವೆ ಆರಿಸುವಾಗ ನಾನು ಮೊದಲು ಉದ್ದದ ಕನ್ನಡ ವಿಷಯ ಹಾಕಿಯೇ ನೋಡುತ್ತೇನೆ.

ಇನ್ನು ಕನ್ನಡದ್ದೇ ಮೇಲ್ ವಿಳಾಸ. 2012ರಲ್ಲಿ ಅದಕ್ಕೂ ನಿಯಮ ಬಂತು, ವಿಳಾಸದ ಕೊನೆಗೆ ಹಾಕಲು ('.in' ಥರ) ಕನ್ನಡ ಲಿಪಿಯ '.ಭಾರತ' ಕೂಡ ಇದೆ. 2014ರಿಂದ ಜಿಮೇಲ್‌ನಿಂದ ಇಂಥ ವಿಳಾಸಗಳಿಗೆ ಕಳಿಸಬಹುದು. ತೊಂದರೆ ಏನೆಂದರೆ, ದಾರಿಯಲ್ಲಿರುವ ಎಲ್ಲ ಸರ್ವರ್‌ಗಳೂ ಇದನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ಮೇಲ್ ವಾಪಸ್. ಎಷ್ಟೋ ಜಾಲತಾಣಗಳ ಅರ್ಜಿಗಳಂತೂ 'ತಪ್ಪು ವಿಳಾಸ' ಅಂತ ತಿರಸ್ಕರಿಸಿದವು. ಹಾಗಾಗಿ ಸಂಘದ ರಸೀದಿಯಲ್ಲಿ ಸದ್ಯ ಇಂಗ್ಲಿಷ್ ಅಕ್ಷರದ ವಿಳಾಸವನ್ನೇ ಅಚ್ಚು ಹಾಕಿಸಿದ್ದೇವೆ. ಕನ್ನಡದ ವಿಳಾಸಕ್ಕೆ ಬಂದ ಮೇಲ್ ಕೂಡ ಅದೇ ಇನ್‌ಬಾಕ್ಸಿಗೆ ಬೀಳುವಂತೆ ಜೋಡಿಸಿದ್ದೇನೆ.