ಕಂಪನಿ ಸಸ್ಪೆನ್ಷನ್ ಇರುವ ವಿ-ಕ್ರಾಸ್‌ಗೆ 265/70 ಆರ್17 ಟಯರ್: ಕಾಸರಗೋಡಿನ ದಾರಿಗೆ ಹೇಗೆ?

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ ಇಟ್ಟುಕೊಂಡವರ ಮೊದಲ ಸೆಟ್ ಟಯರ್ ಸವೆಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಸಸ್ಪೆನ್ಷನ್ ಮುಟ್ಟದೆ ಎಷ್ಟು ದೊಡ್ಡ ಟಯರ್ ಹಾಕಬಹುದು? 17 ಇಂಚಿನ ಕಂಪನಿ ಅಲಾಯ್ ಇರುವ ಗಾಡಿಗೆ ಕೊನೆಯ ಮಿತಿ 265/70 ಆರ್17. ಅದೂ ಕಂಪನಿ ಅಲಾಯ್‌ನಲ್ಲೇ ಕೂರಿಸಿದರೆ ಮಾತ್ರ. ಬದಿಯಡ್ಕ, ಮುಳ್ಳೇರಿಯ, ಆದೂರು, ಬಂದಡ್ಕ ಕಡೆಯ ತೋಟದ ದಾರಿಗಳಿಗೆ ಈ ಅಳತೆಯ ಆಲ್-ಟೆರೇನ್ (ಡಾಂಬರಿಗೂ ಮಣ್ಣಿನ ದಾರಿಗೂ ಆಗುವ) ಟಯರ್ ಒಳ್ಳೆಯ ಆಯ್ಕೆ. ವಾರಕ್ಕೆ ಆರು ದಿನ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವ ಗಾಡಿಗಾದರೆ ಕಂಪನಿ ಅಳತೆಯಲ್ಲೇ ಆಲ್-ಟೆರೇನ್ ಹಾಕಿಕೊಳ್ಳುವುದು ಲೇಸು.

ಮೊದಲು ಲೆಕ್ಕ. ಅಳತೆಯ ಮೊದಲ ಅಂಕೆ ಟಯರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಸೈಡ್‌ವಾಲ್ (ಟಯರಿನ ಪಕ್ಕದ ಗೋಡೆ) ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಅಲಾಯ್ ಎಷ್ಟು ಇಂಚು ಎಂಬುದು. ಕಂಪನಿ ಕೊಟ್ಟ 255/65 ಆರ್17 ಟಯರಿನ ಒಟ್ಟು ವ್ಯಾಸ 763 ಮಿ.ಮೀ. 265/70 ಆರ್17ರದ್ದು 803. ವ್ಯಾಸ 40 ಮಿ.ಮೀ. ಹೆಚ್ಚಿದರೂ ಗಾಡಿ ಏರುವುದು ಅದರ ಅರ್ಧ, ಅಂದರೆ 20 ಮಿ.ಮೀ. ಮಾತ್ರ. ಬರೀ ಎತ್ತರಕ್ಕಾಗಿ ಇಷ್ಟು ದುಡ್ಡು ಹಾಕುವವರು ಇಲ್ಲೇ ಒಮ್ಮೆ ಯೋಚಿಸಬೇಕು. ನಿಜವಾದ ಲಾಭ ಇರುವುದು ಸೈಡ್‌ವಾಲ್‌ನಲ್ಲಿ. ಕಂಪನಿ ಟಯರಿನಲ್ಲಿ ಅಲಾಯ್ ಅಂಚಿನಿಂದ ನೆಲದವರೆಗೆ 166 ಮಿ.ಮೀ. ರಬ್ಬರ್ ಇದ್ದರೆ ಇದರಲ್ಲಿ 185 ಮಿ.ಮೀ.ಗೂ ಸ್ವಲ್ಪ ಹೆಚ್ಚಿದೆ. ಮುರಕಲ್ಲಿನ ಚೂಪು ಅಂಚು ಎದ್ದು ನಿಂತ ಗುಡ್ಡೆ ದಾರಿಯಲ್ಲಿ ಅಲಾಯ್ ಬಾಗದಂತೆ, ಒಳಗಿನ ದಾರ ಹರಿದು ಟಯರ್ ಪಕ್ಕದಲ್ಲಿ ಬುಗ್ಗೆ ಏಳದಂತೆ ಕಾಯುವುದು ಈ ಹೆಚ್ಚಿನ 20 ಮಿ.ಮೀ. ರಬ್ಬರ್. ಗಾಳಿ ಇಳಿಸಿ ಓಡಿಸುವಾಗ ಚಪ್ಪಟೆಯಾಗಿ ನೆಲ ಹಿಡಿಯಲು ಬೇಕಾಗುವುದೂ ಅದೇ.

18 ಇಂಚಿನ ಅಲಾಯ್ ಬಂದ ಗಾಡಿಗಳ ಕಂಪನಿ ಅಳತೆ 255/60 ಆರ್18. ಅದರ ವ್ಯಾಸವೂ 763 ಮಿ.ಮೀ. ಆದರೆ ಸೈಡ್‌ವಾಲ್ 153 ಮಾತ್ರ. ಅದಕ್ಕೆ ಸಮನಾದ ದೊಡ್ಡ ಅಳತೆ 265/65 ಆರ್18, ವ್ಯಾಸ 802. ಮುಂದೆ ಹೇಳುವ ರಬ್‌ನ (ಟಯರ್ ಗಾಡಿಯ ಭಾಗಗಳಿಗೆ ತಾಗಿ ಉಜ್ಜುವುದರ) ವಿಷಯ ಅದಕ್ಕೂ ಹಾಗೆಯೇ ಅನ್ವಯ. 16 ಇಂಚಿನ 245/70 ಇರುವ, ಇದೇ ಡಿ-ಮ್ಯಾಕ್ಸ್‌ನ ಇನ್ನೊಂದು ಮಾದರಿ ಹೈ-ಲ್ಯಾಂಡರ್‌ಗೆ ಬೇಕಿದ್ದರೆ 245/75 ಆರ್16 ಸಾಕು, ವ್ಯಾಸ 749ರಿಂದ 774 ಆಗುತ್ತದೆ. 285/70 ಆರ್17 ಬಗ್ಗೆ ಕೇಳುವವರೂ ಇದ್ದಾರೆ. 831 ಮಿ.ಮೀ. ವ್ಯಾಸದ ಆ ಟಯರ್ ಕಂಪನಿ ಸಸ್ಪೆನ್ಷನ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಲು ಬಿಡುವುದಿಲ್ಲ. ಅದರ ಮಾತು ಇಲ್ಲಿಗೇ ಬಿಡೋಣ.

ಈಗ ಎಲ್ಲರೂ ಹೆದರುವ ರಬ್. ಹಿಂದಿನ ಚಕ್ರಗಳಿಗೆ ಜಾಗ ಧಾರಾಳವಾಗಿದೆ, ಲೀಫ್ ಪ್ಲೇಟ್ ಪೂರ್ತಿ ಕೂತರೂ ತೊಂದರೆ ಇಲ್ಲ. ತಾಗುವುದಾದರೆ ಮುಂದಿನ ಚಕ್ರವೇ. ಅದೂ ಸ್ಟಿಯರಿಂಗ್ ಕೊನೆಯವರೆಗೆ ತಿರುಗಿಸಿದಾಗ. ಟಯರಿನ ಹಿಂಬದಿಯ ಹೊರ ಅಂಚು ಮಡ್‌ಫ್ಲ್ಯಾಪಿನ ಮೂಲೆಗೂ ಅದರ ಮೇಲಿನ ಪ್ಲಾಸ್ಟಿಕ್ ಲೈನರ್‌ಗೂ ಹತ್ತಿರ ಬರುತ್ತದೆ. ಮುಂಬದಿಯ ಅಂಚು ಬಂಪರಿನ ಕೆಳತುದಿಯ ಹತ್ತಿರ ಹೋಗುತ್ತದೆ. ಸಮತಟ್ಟು ನೆಲದಲ್ಲಿ ಏನೂ ತಾಗದ ಗಾಡಿಯೂ ತೋಟದ ಗೇಟಿನಲ್ಲಿ ಪೂರ್ತಿ ತಿರುಗಿಸಿಕೊಂಡು ರಿವರ್ಸ್ ಬರುವಾಗ ಒಂದು ಚಕ್ರ ಚರಂಡಿಯ ಏರಿಗೆ ಹತ್ತಿದರೆ ಪರ್ರ್ ಎಂದು ಉಜ್ಜುವುದುಂಟು.

ಹಾಗಾಗಿ ಐದೂ ಟಯರಿಗೆ ದುಡ್ಡು ಕೊಡುವ ಮೊದಲು ಒಂದೇ ಟಯರನ್ನು ಅಲಾಯ್‌ಗೆ ಕೂರಿಸಿ, ಗಾಳಿ ತುಂಬಿ, ಮುಂದಿನ ಎಡಕ್ಕೆ ಹಾಕಿ ನೋಡಿ. ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಮಡ್‌ಫ್ಲ್ಯಾಪ್, ಲೈನರ್, ಬಂಪರ್, ಒಳಗಡೆ ಅಪ್ಪರ್ ಆರ್ಮ್ (ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್‌ನ ಮೇಲಿನ ತೋಳು), ಈ ನಾಲ್ಕೂ ಕಡೆ ಕಿರುಬೆರಳು ಸಲೀಸಾಗಿ ಹೋಗುವಷ್ಟು ಜಾಗ ಇದೆಯೇ ಎಂದು ನೋಡಬೇಕು. ಆಮೇಲೆ ಅದೇ ಚಕ್ರವನ್ನು ಒಂದು ಗಟ್ಟಿ ದಿಬ್ಬದ ಮೇಲೆ ಹತ್ತಿಸಿ, ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲಿ ಇದನ್ನೇ ಇನ್ನೊಮ್ಮೆ ಮಾಡಿ. ಅಂಗಡಿಯ ಅಂಗಳದಲ್ಲಿ ಮಾತ್ರ ನೋಡಿದರೆ ಅರ್ಧ ಪರೀಕ್ಷೆ ಆದಂತೆ. ಬಲಗಡೆಯನ್ನೂ ಬಿಡಬೇಡಿ. ಲೈನರ್ ಕೂತಿರುವ ರೀತಿ ಎರಡೂ ಕಡೆ ಒಂದೇ ತರ ಇರಬೇಕೆಂದಿಲ್ಲ.

ತಾಗಿದರೆ ಮದ್ದು ಸುಲಭ. ಮಡ್‌ಫ್ಲ್ಯಾಪಿನ ಒಳಮೂಲೆಯನ್ನು ಒಂದೆರಡು ಸೆಂ.ಮೀ. ಕತ್ತರಿಸಿ. ಲೈನರ್ ತಾಗುವಲ್ಲಿ ಹೀಟ್ ಗನ್ ಹಿಡಿದು ಮೆತ್ತಗಾದ ಮೇಲೆ ಹಿಂದಕ್ಕೆ ಒತ್ತಿ ತಣಿಯಲು ಬಿಡಿ. ಲೈನರನ್ನೇ ಕಿತ್ತು ಹಾಕಿದರೆ ಕೆಸರು ನೀರು ನೇರ ಒಳಗೆ ನುಗ್ಗುತ್ತದೆ. ಇಷ್ಟಾದರೂ ಬಿಗಿ ಅನಿಸಿದರೆ ಅಲೈನ್‌ಮೆಂಟ್ ಮಾಡುವವರ ಹತ್ತಿರ ಕ್ಯಾಸ್ಟರ್ (ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸ್ವಲ್ಪ ಹೆಚ್ಚಿಸಲು ಹೇಳಿ. ಲೋವರ್ ಆರ್ಮ್ ಕ್ಯಾಮ್ ಬೋಲ್ಟ್ ತಿರುಗಿಸಿ ಕ್ಯಾಸ್ಟರ್ ಹೆಚ್ಚಿಸಿದಾಗ ಚಕ್ರ ಕೆಲವು ಮಿ.ಮೀ. ಮುಂದಕ್ಕೆ ಸರಿದು ಹಿಂದೆ ಜಾಗ ಬಿಡುತ್ತದೆ. ಬಂಪರ್ ಕಡೆ ಅಷ್ಟೇ ಜಾಗ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಕಂಪನಿ ಹೇಳಿದ ಮಿತಿಯೊಳಗೇ ಇದನ್ನು ಮಾಡಬೇಕು. ಕ್ಯಾಬಿನ್ ಮೂಲೆಯ ತಗಡಿನ ಅಂಚನ್ನು ಸುತ್ತಿಗೆಯಿಂದ ಮಡಚುವ ಕೆಲಸಕ್ಕೆ ಈ ಅಳತೆಯಲ್ಲಿ ಕೈಹಾಕಬೇಡಿ. ನಮ್ಮ ಕಡಲ ಗಾಳಿಗೆ ಬಣ್ಣ ಎದ್ದ ತಗಡು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಇಲ್ಲಿ ಎರಡು ತಪ್ಪು ಕಲ್ಪನೆ ಬಹಳ ಓಡಾಡುತ್ತಿವೆ. ಮೊದಲನೆಯದು, ಮುಂದಿನ ಕಾಯಿಲ್ ಮೇಲೆ ಸ್ಪೇಸರ್ ಇಟ್ಟು ಎತ್ತರಿಸಿದರೆ ರಬ್ ನಿಲ್ಲುತ್ತದೆ ಎನ್ನುವುದು. ಸ್ಪೇಸರ್ ಎತ್ತರಿಸುವುದು ಗಾಡಿ ಸುಮ್ಮನೆ ನಿಂತಾಗಿನ ಮಟ್ಟವನ್ನು ಮಾತ್ರ. ಗುಂಡಿಗೆ ಬಿದ್ದು ಸಸ್ಪೆನ್ಷನ್ ಪೂರ್ತಿ ಅದುಮಿ ಬಂಪ್ ಸ್ಟಾಪ್ (ಕೊನೆಯ ತಡೆ ರಬ್ಬರ್) ಮುಟ್ಟಿದಾಗ ಚಕ್ರ ಹೋಗಿ ನಿಲ್ಲುವ ಜಾಗ ಮೊದಲಿನದೇ. ಆಗ ತಾಗುವುದು ತಾಗಿಯೇ ತಾಗುತ್ತದೆ. ಮೇಲಿಂದ ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು) ಸದಾ ಕೋನದಲ್ಲಿ ತಿರುಗಿ ಬೇಗ ಸವೆಯುತ್ತದೆ. ಎರಡನೆಯದು, ಹೊರಗೆ ಚಾಚುವ ಅಗಲ ಅಲಾಯ್ ಹಾಕಿದರೆ ಜಾಗ ಸಿಗುತ್ತದೆ ಎನ್ನುವುದು. ಒಳಗೆ ಅಪ್ಪರ್ ಆರ್ಮ್ ಕಡೆ ಸಿಗುತ್ತದೆ, ನಿಜ. ಆದರೆ ಟಯರ್ ಸ್ಟಿಯರಿಂಗ್ ತಿರುಗುವ ಅಕ್ಷದಿಂದ ದೂರ ಸರಿದಷ್ಟೂ ದೊಡ್ಡ ಚಾಪದಲ್ಲಿ ತಿರುಗಿ ಮಡ್‌ಫ್ಲ್ಯಾಪಿಗೂ ಬಂಪರಿಗೂ ಇನ್ನೂ ಜೋರಾಗಿ ಹೊಡೆಯುತ್ತದೆ. ವೀಲ್ ಬೇರಿಂಗ್ ಮೇಲೂ ಭಾರ ಹೆಚ್ಚು. 265/70 ಟಯರಿಗೆ 7ರಿಂದ 8.5 ಇಂಚು ಅಗಲದ ಅಲಾಯ್ ಆಗುತ್ತದೆ, ಕಂಪನಿ ಅಲಾಯ್ ಸಾಕು.

ಟಯರ್ ಆರಿಸುವಾಗ ಅಳತೆಯ ಮೊದಲು ಎಲ್‌ಟಿ (ಲೈಟ್ ಟ್ರಕ್) ಎಂಬ ಅಕ್ಷರ ಇದೆಯೇ ನೋಡಿ. ಬಿಎಫ್‌ಗುಡ್‌ರಿಚ್ ಕೆಒ2 ತರದ ಎಲ್‌ಟಿ ಟಯರಿನಲ್ಲಿ 121/118 ಎಸ್ ಎಂದಿರುತ್ತದೆ. ಒಂದು ಟಯರ್ 1450 ಕೆ.ಜಿ. ಹೊರುತ್ತದೆ ಎಂದರ್ಥ. ಸೈಡ್‌ವಾಲ್ ದಪ್ಪ, ಮುರಕಲ್ಲಿಗೆ ಜಗ್ಗುವುದಿಲ್ಲ. ಬೆಲೆ ತೆರಬೇಕಾದದ್ದು ತೂಕದಲ್ಲಿ: ಒಂದೊಂದು ಟಯರ್ 20 ಕೆ.ಜಿ. ದಾಟುತ್ತದೆ, ಹಿಂದೆ ಹೊರೆ ಇಲ್ಲದಾಗ ಗಾಡಿ ಕುಟ್ಟುತ್ತದೆ. ಎಲ್‌ಟಿ ಅಲ್ಲದ ಆಲ್-ಟೆರೇನ್ ಹಗುರ, ಮೆತ್ತಗೆ. ಕೋರೆಯ ದಾರಿ, ರಬ್ಬರ್ ತೋಟದ ಕಡಿದ ಬುಡಗಳ ನಡುವೆ ದಿನವೂ ಓಡುವುದಿದ್ದರೆ ಎಲ್‌ಟಿ. ಉಳಿದವರಿಗೆ ಹಗುರದ್ದೇ ಸುಖ.

ತಯಾರಾದ ದಿನ ನೋಡದೆ ತಗೊಳ್ಳಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಹೊಸ ಟಯರುಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಈ ತರದ ಅಳತೆಗಳಲ್ಲಿ ಹಳೆಯ ದಾಸ್ತಾನು ಕೈಗೆ ಬರುವ ಸಾಧ್ಯತೆ ಹೆಚ್ಚು. ಸೈಡ್‌ವಾಲ್‌ನಲ್ಲಿ ಡಾಟ್ ಸಾಲಿನ ಕೊನೆಯ ನಾಲ್ಕು ಅಂಕೆ ಓದಿ: 2324 ಎಂದರೆ 2024ರ 23ನೇ ವಾರ. ಐದೂ ಟಯರಿನದ್ದು ಓದಿ. ಈ ಅಂಕೆ ಒಂದೇ ಪಕ್ಕದಲ್ಲಿ ಅಚ್ಚಾಗಿರುವುದರಿಂದ ಗಾಡಿಗೆ ಹಾಕಿದ ಮೇಲೆ ಒಳಗಡೆಗೆ ಹೋಗಿ ಕಾಣದೆಯೂ ಇರಬಹುದು.

ಐದೂ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ವಿ-ಕ್ರಾಸ್‌ನ ಫೋರ್ ವೀಲ್ ಡ್ರೈವ್ ಪಾರ್ಟ್-ಟೈಮ್ ಜಾತಿಯದು, ಮುಂದು ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ. 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದೆ ಹೊಸ ದೊಡ್ಡದು, ಮುಂದೆ ಹಳೆಯದು ಎಂದು ಬೆರೆಸಿದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ತಿರುಚಿಕೊಳ್ಳುತ್ತದೆ. ಸ್ಟೆಪ್ನಿ ಹಳೆಯ ಅಳತೆಯದೇ ಉಳಿದರೂ ಪಂಕ್ಚರ್ ಆದ ದಿನ ಇದೇ ಕಥೆ: ಅದನ್ನು ಹಾಕಿಕೊಂಡು 2ಎಚ್‌ನಲ್ಲಿ (ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ) ನಿಧಾನ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು, ಅಷ್ಟೇ. ಗಾಡಿಯಡಿಯ ಸ್ಟೆಪ್ನಿ ಜಾಗಕ್ಕೆ ದೊಡ್ಡ ಟಯರ್ ಬಿಗಿಯಾಗಿ ಕೂರುತ್ತದೆ. ಸರಪಳಿ ಪೂರ್ತಿ ಎಳೆದುಕೊಂಡಿದೆಯೇ, ಸೈಲೆನ್ಸರಿಗೆ ತಾಗುತ್ತಿಲ್ಲವೇ ಎಂದು ಕೆಳಗೆ ಮಲಗಿ ನೋಡಿ. ಜಾಕಿಯೂ 20 ಮಿ.ಮೀ. ಹೆಚ್ಚು ಏರಬೇಕು. ಮಳೆಗಾಲದ ಮೆತ್ತನೆ ಮಣ್ಣಿಗೆ ಅಡಿಯಲ್ಲಿಡಲು ಒಂದು ದಪ್ಪ ಹಲಗೆ ಗಾಡಿಯಲ್ಲಿರಲಿ.

ಗಾಳಿಯ ವಿಷಯ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವ ಅಂಕೆ ಕಂಪನಿ ಟಯರಿಗೆ ಬರೆದದ್ದು. ಎಲ್‌ಟಿ ಟಯರಿಗೆ ಅದೇ ಭಾರ ಹೊರಲು 5ರಿಂದ 8 ಪಾಯಿಂಟ್ (ಪಿಎಸ್‌ಐ) ಹೆಚ್ಚು ಬೇಕು. ಅಲ್ಲಿಂದ ಶುರು ಮಾಡಿ ಸೀಮೆಸುಣ್ಣದ ಪರೀಕ್ಷೆ ಮಾಡಿ: ಟಯರಿನ ಅಗಲಕ್ಕೆ ಅಡ್ಡಡ್ಡ ದಪ್ಪ ಗೆರೆ ಎಳೆದು ನೇರ ರಸ್ತೆಯಲ್ಲಿ ನೂರು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದರೆ ಕಮ್ಮಿ. ಮುಂದಿಗೂ ಹಿಂದಿಗೂ ಬೇರೆ ಅಂಕೆ ಬರುವುದು ಸಹಜ. ಅಡಿಕೆ ಚೀಲ ಹೇರುವ ದಿನ ಹಿಂದಿನವಕ್ಕೆ ಹೆಚ್ಚಿಸಿ. ಕೆಸರಿನ ಬೈಲು ದಾಟುವಾಗ 20-22ಕ್ಕೆ ಇಳಿಸಿದರೆ ಹಿಡಿತದಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ. 18ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟಯರ್ ಅಲಾಯ್‌ನಿಂದ ಬಿಟ್ಟುಕೊಳ್ಳುವ ಅಪಾಯ. ಡಾಂಬರಿಗೆ ಏರುವ ಮೊದಲು ತುಂಬಲು ಒಂದು 12 ವೋಲ್ಟಿನ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸಲೇಬೇಡಿ.

ಓಡಿಸುವಾಗ ಏನು ಬದಲಾಗುತ್ತದೆ? ಚಕ್ರ ಒಂದು ಸುತ್ತಿಗೆ ಹೋಗುವ ದೂರ ಶೇ. 5ರಷ್ಟು ಹೆಚ್ಚು. ಮೀಟರ್ 80 ತೋರಿಸುವಾಗ ಮೊದಲು ಓಡುತ್ತಿದ್ದುದಕ್ಕಿಂತ ನಾಲ್ಕು ಕಿ.ಮೀ. ವೇಗ ಹೆಚ್ಚಿರುತ್ತದೆ. 2023ರ ಜೂನ್‌ನಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮೆರಾ ನೋಡಿ ದಂಡ ಹಾಕುತ್ತಿರುವುದರಿಂದ ಇದು ಸಣ್ಣ ವಿಷಯವಲ್ಲ. ಫೋನಿನ ಜಿಪಿಎಸ್ ಜತೆ ಒಮ್ಮೆ ಹೋಲಿಸಿಕೊಳ್ಳಿ. ಮೈಲೇಜ್ ಬಿದ್ದುಹೋಯಿತು ಎನ್ನುವವರೂ ಈ ಲೆಕ್ಕ ಮರೆಯುತ್ತಾರೆ: ಮೀಟರಿನಲ್ಲಿ 500 ಬಿದ್ದಾಗ ಗಾಡಿ ಓಡಿದ್ದು 526 ಕಿ.ಮೀ. ಇಷ್ಟು ಸರಿಪಡಿಸಿಕೊಂಡ ಮೇಲೂ ತೂಕ ಮತ್ತು ದಪ್ಪ ಪ್ಯಾಟರ್ನ್‌ನಿಂದಾಗಿ ಒಂದಿಷ್ಟು ಇಳಿಯುವುದು ನಿಜ. ಆಯಿಲ್ ಬದಲಿಸುವ ಲೆಕ್ಕವನ್ನೂ ಮೀಟರಿನ 9,500ಕ್ಕೇ ಇಟ್ಟುಕೊಳ್ಳಿ, ಅದೇ 10,000.

ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತವೆ, ಅಂದರೆ ಅದೇ ಗೇರಿನಲ್ಲಿ ಎಳೆತ ಅಷ್ಟು ಕಡಿಮೆ. 360 ನ್ಯೂಟನ್ ಮೀಟರ್ ಟಾರ್ಕ್ ಇರುವ ಬಿಎಸ್6 ಎಂಜಿನ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 320ರ ಹಳೆಯ 2.5 ಲೀಟರಿನಲ್ಲಿ ಲೋಡ್ ಹೇರಿ ಕಡಿದಾದ ಏರಿನ ನಡುವೆ ನಿಲ್ಲಿಸಿ ಹೊರಡುವಾಗ ಕ್ಲಚ್ಚಿಗೆ ಕೆಲಸ ಹೆಚ್ಚು. ಮಣ್ಣಿನ ಏರಾದರೆ 4ಎಲ್ (ನಿಧಾನ ಓಡಿ ಹೆಚ್ಚು ಎಳೆಯುವ ಫೋರ್ ವೀಲ್ ಗೇರು) ಹಾಕಿ. ಒಣ ಕಾಂಕ್ರೀಟಿನಲ್ಲಿ 4ಎಲ್ ಹಾಕಿ ತಿರುವು ತೆಗೆಯಬಾರದು. ಬ್ರೇಕ್ ಪೆಡಲನ್ನೂ ಮೊದಲಿಗಿಂತ ಸ್ವಲ್ಪ ಜೋರು ಒತ್ತಬೇಕಾಗುತ್ತದೆ. ಮಳೆಯಲ್ಲಿ ಆರು ಪಥದ ಹೆದ್ದಾರಿಯಲ್ಲಿ ಮುಂದಿನ ಗಾಡಿಗೆ ಅಂತರ ಹೆಚ್ಚು ಬಿಡಿ: ಆಲ್-ಟೆರೇನ್‌ನ ದೊಡ್ಡ ಕಟ್ಟೆಗಳು ಒದ್ದೆ ಡಾಂಬರಿನಲ್ಲಿ ಹೆದ್ದಾರಿ ಟಯರಿನಷ್ಟು ಹಿಡಿಯುವುದಿಲ್ಲ. ಇನ್ನು ಹಾವಸೆ ಕಟ್ಟಿದ ಮುರಕಲ್ಲು, ಹಾವಸೆ ಕಟ್ಟಿದ ಕಾಂಕ್ರೀಟ್. ಅಲ್ಲಿ ಯಾವ ಅಳತೆಯೂ ಯಾವ ಪ್ಯಾಟರ್ನೂ ಕೆಲಸಕ್ಕೆ ಬರುವುದಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದೇ ದಾರಿ.

ಸ್ಟಿಯರಿಂಗ್ 80ರ ಹತ್ತಿರ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ಓಡುವ ಮೊದಲು ಅಲಾಯ್‌ನ ಒಳಬದಿಗೆ ಕೈಹಾಕಿ ನೋಡಿ. ಕೆಂಪು ಕೆಸರು ಅಲ್ಲಿ ಅಂಟಿ ಒಣಗಿ ಗಟ್ಟಿ ಹೆಂಟೆಯಾಗಿರುತ್ತದೆ, ಅದೇ ನಡುಕಕ್ಕೆ ಕಾರಣವಾಗುವುದು ಬಹಳ. ಲೈನರ್ ಒಳಗೂ ಅದೇ ಕೆಸರು ತುಂಬಿ, ನಡುವೆ ಸಿಕ್ಕ ಕಲ್ಲು ಟಯರಿಗೆ ಉಜ್ಜುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೈಪು ಹಿಡಿದು ಒಳಗೆ ತೊಳೆಯಬೇಕು.

ಕಾನೂನನ್ನು ಮುಚ್ಚಿಟ್ಟು ಈ ಟಯರನ್ನು ಹೊಗಳುವುದು ಸರಿಯಲ್ಲ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ, ಕೇರಳದಿಂದಲೇ ಹೋದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಇಂತಹ ಒಂದೊಂದು ಬದಲಾವಣೆಗೆ ₹5,000 ದಂಡ, ಆರು ತಿಂಗಳವರೆಗೆ ಸಜೆಗೂ ಅವಕಾಶ ಇದೆ. ಕೇಂದ್ರದ ಕಾಯ್ದೆಯಾದ್ದರಿಂದ ಗಡಿ ದಾಟಿ ಸುಳ್ಯಕ್ಕೋ ಪುತ್ತೂರಿಗೋ ಹೋದರೂ ನಿಯಮ ಒಂದೇ. 265/70 ಸ್ಟಿಕ್ಕರಿನಲ್ಲಿರುವ ಅಳತೆ ಅಲ್ಲ. ಟಯರ್ ಮಡ್‌ಗಾರ್ಡಿನ ಒಳಗೇ ಇದೆ ಎಂಬ ಮಾತ್ರಕ್ಕೆ ವಿಮಾ ಕ್ಲೇಮಿನಲ್ಲಿ ಪ್ರಶ್ನೆ ಬರದು ಎನ್ನಲಾಗದು. ಹಾಕುವ ಮೊದಲು ವಿಮಾ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಈ ಹೊಣೆ ಬೇಡ ಎನ್ನುವವರಿಗೆ 255/65 ಆರ್17 ಅಳತೆಯಲ್ಲೇ ಆಲ್-ಟೆರೇನ್ ಸಿಗುತ್ತದೆ. ಕೆಸರಿನಲ್ಲಿ ಹಿಡಿತ ಕೊಡುವುದು ಮುಖ್ಯವಾಗಿ ಪ್ಯಾಟರ್ನ್ ಆದ್ದರಿಂದ ಕಳೆದುಕೊಳ್ಳುವುದು ಆ 20 ಮಿ.ಮೀ. ಮಾತ್ರ.

ಹಾಕಿದವರಿಗೆ ಕೊನೆಯ ಕೆಲಸಗಳು: ಮೊದಲ 100 ಕಿ.ಮೀ. ಆದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿಸಿ, ಲೈನರಿನಲ್ಲಿ ಹೊಳಪು ಉಜ್ಜು ಗುರುತು ಬಿದ್ದಿದೆಯೇ ಟಾರ್ಚ್ ಹಾಕಿ ನೋಡಿ. ಪ್ರತಿ 8,000 ಕಿ.ಮೀ.ಗೆ ಸ್ಟೆಪ್ನಿಯನ್ನೂ ಸೇರಿಸಿ ಐದೂ ಟಯರನ್ನು ಜಾಗ ಬದಲಿಸಿ. ಹಳೆಯ ಸೆಟ್ ಚೆನ್ನಾಗಿದ್ದರೆ ಮಾರಬೇಡಿ, ಫಿಟ್‌ನೆಸ್ ತಪಾಸಣೆಯ ದಿನ ಬೇಕಾಗುತ್ತದೆ.