ಲೋಳೆಸರ ಕುಡಿಯುವ ಮುನ್ನ ಆ ಹಳದಿ ರಸವನ್ನು ಗಮನಿಸಿ

ಎಲೆ ತೊಳೆದು, ಮುಳ್ಳಿನ ಅಂಚು ಸವರಿ, ಸಿಪ್ಪೆಸಮೇತ ಮಿಕ್ಸಿಗೆ ಹಾಕಿ, ಸೋಸಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ತೂಕ ಇಳಿಯುತ್ತದೆ, ಹೊಟ್ಟೆ ಶುದ್ಧವಾಗುತ್ತದೆ ಎಂಬ ನಂಬಿಕೆಯಲ್ಲಿ ಒಬ್ಬರು ಇದನ್ನು ಹತ್ತು ದಿನ ಬಿಡದೆ ಕುಡಿದರು. ಮೊದಲ ದಿನ ಸಂಜೆಯೊಳಗೇ ಹೊಟ್ಟೆ ನುಲಿದು ನೀರುನೀರಾಗಿ ಭೇದಿ. ಕಲ್ಮಶ ಹೊರಗೆ ಹೋಗುತ್ತಿದೆ ಎಂದುಕೊಂಡು ಮುಂದುವರಿಸಿದರು. ಐದನೆಯ ದಿನದಿಂದ ಮೀನಖಂಡ ಹಿಡಿದುಕೊಳ್ಳತೊಡಗಿತು. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಎದೆ ಡವಗುಟ್ಟುವುದು, ಕೈಕಾಲಲ್ಲಿ ಶಕ್ತಿಯೇ ಇಲ್ಲದಂತಾಗುವುದು. ಕೊನೆಗೆ ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಪೊಟ್ಯಾಶಿಯಂ ತೀರಾ ಕುಸಿದಿತ್ತು. ಅವರು ನುಂಗುತ್ತಿದ್ದ ಬಿಪಿ ಮಾತ್ರೆ ಮೂತ್ರ ಹೆಚ್ಚಿಸುವಂಥದ್ದು. ಪೊಟ್ಯಾಶಿಯಂ ಅದರಿಂದಲೂ ಇಳಿಯುತ್ತದೆ, ಭೇದಿಯಿಂದಲೂ ಇಳಿಯುತ್ತದೆ.

ತಪ್ಪಾದದ್ದು ಎಲ್ಲಿ? ಲೋಳೆಸರದ ಎಲೆಯಲ್ಲಿ ಇರುವುದು ಒಂದೇ ರಸವಲ್ಲ, ಎರಡು. ನಡುವಿನ ಪಾರದರ್ಶಕ ಲೋಳೆಯಲ್ಲಿ ಶೇಕಡಾ 98ಕ್ಕಿಂತ ಹೆಚ್ಚು ನೀರೇ. ಉಳಿದದ್ದು ಹೆಚ್ಚಾಗಿ ಅಸಿಮನ್ನಾನ್‌ನಂಥ ಸಕ್ಕರೆ ಸರಪಳಿಗಳು. ಅದಕ್ಕೆ ಹೇಳಿಕೊಳ್ಳುವಂಥ ರುಚಿಯಿಲ್ಲ. ಹಸಿರು ಸಿಪ್ಪೆಗೆ ಅಂಟಿಕೊಂಡಂತೆ ಒಳಗಡೆ ಇರುವ ಸಣ್ಣ ನಾಳಗಳಲ್ಲಿ ಇನ್ನೊಂದು ರಸವಿದೆ: ಹಳದಿ, ಕಡು ಕಹಿ, ಘಾಟು ವಾಸನೆ. ಇದನ್ನೇ ಒಣಗಿಸಿದರೆ ಕರಿಬೋಳ. ಇದರಲ್ಲಿರುವ ಅಲೋಯಿನ್ ಜಠರದಲ್ಲಿ ಏನೂ ಮಾಡುವುದಿಲ್ಲ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ತೀಕ್ಷ್ಣ ವಿರೇಚಕವನ್ನಾಗಿ ಮಾಡುತ್ತವೆ. ಕರುಳು ಹಿಂಡಿಕೊಳ್ಳುತ್ತದೆ, ನೀರನ್ನು ಮರಳಿ ಹೀರುವುದನ್ನು ನಿಲ್ಲಿಸುತ್ತದೆ. ಕುಡಿದು ಆರರಿಂದ ಹನ್ನೆರಡು ಗಂಟೆಯ ಮೇಲೆ ಹೊಟ್ಟೆ ಕೆಡುವುದು ಅದಕ್ಕೇ. ಅಷ್ಟು ತಡವಾಗುವುದರಿಂದ ಎಷ್ಟೋ ಜನ ದೂರುವುದು ಮಧ್ಯಾಹ್ನದ ಊಟವನ್ನು, ಬೆಳಗಿನ ಲೋಟವನ್ನಲ್ಲ.

ಕಹಿ ಇದ್ದರೆ ಔಷಧಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳದಿ ರಸವನ್ನು ದಿನಕ್ಕೆ ಒಂದು ಗ್ರಾಂನಂತೆ ಕೆಲವು ದಿನ ತೆಗೆದುಕೊಂಡರೂ ಮೂತ್ರಪಿಂಡಕ್ಕೆ ತೀವ್ರ ಹಾನಿಯಾಗಬಹುದು, ಪ್ರಾಣಕ್ಕೂ ಅಪಾಯವಿದೆ. ಇದನ್ನು ಮಲಬದ್ಧತೆಯ ಔಷಧಿಗಳಲ್ಲಿ ಬಳಸುತ್ತಿದ್ದ ಕಂಪನಿಗಳು ಸುರಕ್ಷತೆಯ ಪುರಾವೆ ಕೊಡಲಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2002ರಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ವಿರೇಚಕಗಳಿಂದ ಅದನ್ನು ಹೊರಗಿಟ್ಟಿತು. ಹಳದಿ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಕುಡಿಸಿದ ಇಲಿಗಳಿಗೆ ದೊಡ್ಡ ಕರುಳಿನಲ್ಲಿ ಗಡ್ಡೆಗಳಾದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಡೀ ಎಲೆಯ ಸಾರವನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ, ಸೇರಿಸಿದೆ. ಹಳದಿ ಬಸಿದು ತೆಗೆದ ಒಳಲೋಳೆಗೆ ಈ ಮಾತು ಅನ್ವಯಿಸುವುದಿಲ್ಲ.

ಹಾಗಾದರೆ ಬಸಿಯುವುದು ಹೇಗೆ? ಗಿಡದ ಬುಡದ, ಹೊರಸುತ್ತಿನ, ದಪ್ಪ ಎಲೆ ಆರಿಸಿ. ಕಾಂಡದ ಹತ್ತಿರ ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗುವಂತೆ ಲೋಟದೊಳಗೆ ಓರೆಯಾಗಿ ನಿಲ್ಲಿಸಿ. ಹದಿನೈದು ನಿಮಿಷಕ್ಕೆ ಹಳದಿ ರಸದ ಬಹುಪಾಲು ಇಳಿಯುತ್ತದೆ. ಆದರೆ ಪೂರ್ತಿ ಇಳಿಯುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಬುಡದಿಂದ ಒಂದು ಇಂಚು, ತುದಿಯಿಂದ ಒಂದು ಇಂಚು ಕತ್ತರಿಸಿ ಎಸೆಯಿರಿ. ಎರಡೂ ಬದಿಯ ಮುಳ್ಳಂಚು ತೆಗೆಯಿರಿ. ಸಿಪ್ಪೆ ಹೆರೆಯುವಾಗ ಜಿಪುಣತನ ಬೇಡ. ಸ್ವಲ್ಪ ಲೋಳೆ ಸಿಪ್ಪೆಯ ಜೊತೆಗೇ ಹೋಗಲಿ. ಚಮಚದಿಂದ ಸಿಪ್ಪೆಯ ಒಳಮೈ ಕೆರೆದರೆ ನಾಳಗಳು ಒಡೆದು ಹಳದಿ ಮತ್ತೆ ಲೋಳೆಗೆ ಸೇರುತ್ತದೆ. ಹಸಿರು, ಹಳದಿ ಕಾಣುವ ಜಾಗವನ್ನೆಲ್ಲ ಕೊಯ್ದು ತೆಗೆದು, ತುಂಡುಗಳನ್ನು ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ. ಕತ್ತಿ, ಮಣೆ, ಕೈ ಎಲ್ಲವನ್ನೂ ತೊಳೆಯಬೇಕು. ಕೊನೆಗೆ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ: ಕಹಿ ಇದ್ದರೆ ಅದು ಹೊಟ್ಟೆಗಲ್ಲ. ಸಕ್ಕರೆ, ಜೇನು ಬೆರೆಸಿ ಕಹಿ ಮುಚ್ಚಿದರೆ ಅಲೋಯಿನ್ ಎಲ್ಲಿಗೂ ಹೋಗುವುದಿಲ್ಲ.

ಇಷ್ಟಾದ ಮೇಲೂ ಆರೋಗ್ಯವಂತ ವಯಸ್ಕರು ಒಂದೆರಡು ಚಮಚದಿಂದ ಶುರುಮಾಡಲಿ, ತಿಂಗಳುಗಟ್ಟಲೆ ದಿನಾ ಕುಡಿಯುವುದು ಬೇಡ. ಬಸುರಿಯರು, ಹಾಲುಣಿಸುವ ತಾಯಂದಿರು, ಹನ್ನೆರಡರೊಳಗಿನ ಮಕ್ಕಳು, ಮೂತ್ರಪಿಂಡದ ಅಥವಾ ಕರುಳಿನ ಉರಿಯೂತದ ತೊಂದರೆ ಇರುವವರು ಕುಡಿಯಲೇಬಾರದು. ಹೃದಯಕ್ಕೆ ಡಿಗಾಕ್ಸಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಸ್ಟೆರಾಯ್ಡ್, ರಕ್ತ ತೆಳುಮಾಡುವ ವಾರ್ಫರಿನ್ ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ವಿಪರೀತ ಇಳಿಯಬಹುದು. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ.

ಕೊಳ್ಳುವ ಬಾಟಲಿಯ ವಿಷಯ. ಲೇಬಲ್ ಮೇಲೆ 'ಇಡೀ ಎಲೆ' ಎಂದಿದ್ದು, ಬಣ್ಣ ತೆಗೆದದ್ದು ಅಥವಾ ಇದ್ದಿಲಿನಲ್ಲಿ ಸೋಸಿದ್ದು ಎಂದಿಲ್ಲದಿದ್ದರೆ ಬಿಟ್ಟುಬಿಡಿ. ಕುಡಿಯುವ ಸರಕಿನಲ್ಲಿ ಅಲೋಯಿನ್ ಹತ್ತು ಲಕ್ಷಕ್ಕೆ 10 ಭಾಗಕ್ಕಿಂತ ಕಡಿಮೆ ಇರಬೇಕೆಂಬುದು ಉದ್ಯಮವೇ ಇಟ್ಟುಕೊಂಡ ಮಿತಿ. ಮೈಗೆ ಹಚ್ಚುವ ಜೆಲ್ ಕಡು ಹಸಿರಾಗಿದ್ದರೆ ಅದು ಬೆರೆಸಿದ ಬಣ್ಣ. ನಿಜವಾದ ಲೋಳೆಗೆ ಬಣ್ಣವೇ ಇಲ್ಲ.

ಗಿಡವನ್ನೇ ತಪ್ಪಾಗಿ ಗುರುತಿಸುವವರೂ ಇದ್ದಾರೆ. ಕತ್ತಾಳೆ ದೂರದಿಂದ ಲೋಳೆಸರದಂತೆಯೇ ಕಾಣುತ್ತದೆ. ಅದರ ಎಲೆ ಮುರಿದರೆ ಉದ್ದುದ್ದ ನಾರು, ತುದಿಯಲ್ಲಿ ಸೂಜಿಯಂಥ ಗಟ್ಟಿ ಮುಳ್ಳು. ಅದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳಿರುವುದರಿಂದ ಚರ್ಮ ಉರಿದು ಬೊಬ್ಬೆ ಏಳುತ್ತದೆ. ಬಾಯಿ, ಗಂಟಲಿಗೆ ತಾಕಿದರೆ ಇನ್ನೂ ಕೆಟ್ಟದ್ದು.

ಚರ್ಮಕ್ಕೆ ಲೋಳೆಸರ ಒಳ್ಳೆಯದೇ, ಇದನ್ನು ಮನಸಾರೆ ಹೇಳುತ್ತೇವೆ. ಸಣ್ಣ ಸುಟ್ಟಗಾಯ, ಬಿಸಿಲಿಗೆ ಕೆಂಪಾದ ಚರ್ಮಕ್ಕೆ ತಂಪು ಕೊಟ್ಟು ಬೇಗ ಮಾಯಲು ನೆರವಾಗಬಹುದು. ಆದರೆ ಮೊದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಲೋಳೆ ಆಮೇಲೆ. ಮೈಗೆ ಒಗ್ಗುತ್ತದೆಯೇ ಎಂದು ಮೊದಲೇ ತಿಳಿಯಲು ಮುಂಗೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ 24 ಗಂಟೆ ಕಾಯಿರಿ. ಈರುಳ್ಳಿ, ಬೆಳ್ಳುಳ್ಳಿ ಒಗ್ಗದವರಿಗೆ ಇದೂ ಒಗ್ಗದಿರಬಹುದು. ಆಳವಾದ ಗಾಯ, ಹೊಲಿಗೆಯ ಗಾಯಕ್ಕೆ ಹಚ್ಚಬೇಡಿ: 1991ರ ಒಂದು ಅಧ್ಯಯನದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕೂಡಿಕೊಳ್ಳದ ಗಾಯಗಳು ಮಾಮೂಲಿ ಆರೈಕೆಯಲ್ಲಿ ಸರಾಸರಿ 53 ದಿನಕ್ಕೆ ಮಾಯ್ದರೆ, ಲೋಳೆಸರದ ಜೆಲ್ ಹಚ್ಚಿದವು 83 ದಿನ ಹಿಡಿದವು. ತೆಗೆದ ಲೋಳೆ ಮುಚ್ಚಳದ ಗಾಜಿನ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಐದಾರು ದಿನ ಇರುತ್ತದೆ. ನಸುಗೆಂಪಾಗಿ ಹುಳಿ ವಾಸನೆ ಬಂದರೆ ಚೆಲ್ಲಿ.

ಈಗಾಗಲೇ ಕುಡಿದು ಭೇದಿ ಹತ್ತಿದ್ದರೆ ಮೊದಲು ಲೋಳೆಸರ ಕುಡಿಯುವುದನ್ನು ನಿಲ್ಲಿಸಿ, ಓಆರ್‌ಎಸ್ ಗುಟುಕರಿಸುತ್ತಿರಿ. ಮೂತ್ರ ಕೆಂಪಗೆ ಕಂಡರೆ ಅದು ಎಲೆಯ ಬಣ್ಣವೂ ಆಗಿರಬಹುದು, ಆದರೆ ಹಾಗೆಂದು ನೀವೇ ತೀರ್ಮಾನಿಸಬೇಡಿ. ಸ್ನಾಯು ಸೆಳೆತ, ಎದೆಬಡಿತದ ಏರುಪೇರು, ಮೂತ್ರ ಕಡಿಮೆಯಾಗುವುದು, ಮಲದಲ್ಲಿ ರಕ್ತ, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಎಷ್ಟು ದಿನ, ಎಷ್ಟು ಲೋಟ, ಸಿಪ್ಪೆ ಸೇರಿತ್ತೋ ಇಲ್ಲವೋ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಎಲೆಯ ತುಂಡೋ ಬಾಟಲಿಯೋ ಉಳಿದಿದ್ದರೆ ಜೊತೆಗೇ ಒಯ್ಯಿರಿ.