ಆಸ್ಪತ್ರೆಗೆ ಹುಡುಕಿಕೊಂಡು ಬಂದವನ ಕಾಗದಕ್ಕೆ ಸಹಿ ಹಾಕಬೇಡಿ

ಹೋದ ವಾರ ಸಂಬಂಧಿಕರೊಬ್ಬರನ್ನು ನೋಡಲು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಆಕ್ಸಿಡೆಂಟ್ ಕೇಸಿನಲ್ಲಿ ನಮಗೆ ಮೋಸ ಮಾಡಿದ ಏಜೆಂಟ ಅಲ್ಲೇ ಇದ್ದ. ಕಾಲಿಗೆ ಬ್ಯಾಂಡೇಜ್ ಕಟ್ಟಿದ್ದ ಒಬ್ಬ ಹುಡುಗನ ಕಾಟಿನ ಪಕ್ಕ ಕುಳಿತು, ಆ ಹುಡುಗನ ತಾಯಿಗೆ ಪೆನ್ನು ಕೊಡುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಆ ತಾಯಿಯನ್ನು ಹೊರಗೆ ಕರೆದು ನಮ್ಮ ಕಥೆ ಹೇಳಿದೆ. ಅವರು ಕೇಳಿದರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಕ್ಸಿಡೆಂಟ್ ಆಗಿದ್ದರೆ, ಕ್ಲೇಮಿಗೆ ವಕೀಲರನ್ನು ಹಿಡಿಯಬೇಕಾ ಬೇಡವಾ ಅನ್ನೋದು ಆಮೇಲಿನ ಮಾತು. ಆಸ್ಪತ್ರೆಯಲ್ಲಿ ಕುಳಿತು ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಖಾಲಿ ಚೆಕ್ ಅಂತೂ ಬೇಡವೇ ಬೇಡ. ನಾನು ಎರಡೂ ಮಾಡಿದೆ.

ನಾನು ಅಣ್ಣಿಗೇರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಊರವರ ಉತಾರ, ಆಧಾರ್, ಬಾಂಡ್ ಪೇಪರ್ ಎಲ್ಲ ನನ್ನ ಕೈ ಮೇಲೆಯೇ ಹೋಗುತ್ತವೆ. "ಓದಿ ಸಹಿ ಮಾಡ್ರಿ ಕಾಕಾ" ಅಂತ ಎಷ್ಟು ಜನರಿಗೆ ಹೇಳಿದ್ದೇನೋ. ಅಂಥವನೇ ಮೋಸ ಹೋದೆ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ.

2023ರ ಡಿಸೆಂಬರ್. ಗದಗ ರಸ್ತೆಯಲ್ಲಿ ಬಸ್ ಇಳಿದು ಪಕ್ಕಕ್ಕೆ ನಿಂತಿದ್ದ ನನ್ನ ಹೆಂಡತಿಗೆ ಒಂದು ಗೂಡ್ಸ್ ಗಾಡಿ ಬಡಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ರಾಡ್ ಹಾಕಿದರು. ಬಿಲ್ 1,46,000 ರೂಪಾಯಿ. ಅವಳ ಬಳೆ ಸೊಸೈಟಿಯಲ್ಲಿ ಅಡ ಇಟ್ಟು ಕಟ್ಟಿದೆವು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಜಂಪರ್, ಸೀರೆ ಫಾಲ್, ಶಾಲೆ ಮಕ್ಕಳ ಯೂನಿಫಾರ್ಮ್. ಕಾಲಿನಿಂದ ತುಳಿಯುವ ಮಷಿನ್. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಆಪರೇಷನ್ ಆದ ಮರುದಿನ ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಅವಳ ಹತ್ತಿರ ಒಬ್ಬ ಕುರ್ಚಿ ಎಳೆದುಕೊಂಡು ಕುಳಿತಿದ್ದ. ಹಣ್ಣು ತಂದಿದ್ದ. ನಮ್ಮ ಬೀಗರ ಕಡೆಯವರು ಯಾರೋ ಅಂದುಕೊಂಡೆ. ಎಫ್‌ಐಆರ್ ನಂಬರ್ ನನಗಿಂತ ಮೊದಲು ಅವನಿಗೆ ಗೊತ್ತಿತ್ತು!

"ವೈನ್ಯಾರು ಆರಾಮ ಆಗ್ತಾರ, ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ನೀವು ಒಂದು ರೂಪಾಯಿ ಬಿಚ್ಚೂದು ಬ್ಯಾಡ. ಪೊಲೀಸ್, ಡಾಕ್ಟರ್, ಕೋರ್ಟ್ ಎಲ್ಲಾ ನಮ್ಮ ವಕೀಲ ಸಾಹೇಬ್ರು ನೋಡ್ಕೋತಾರ. ರೊಕ್ಕ ಬಂದ ಮ್ಯಾಲೆ 30 ಪರ್ಸೆಂಟ್ ಕೊಟ್ರ ಆತು."

ಯಾರನ್ನಾದರೂ ಕೇಳಿ ಹೇಳುತ್ತೇನೆ ಅಂದೆ.

"ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆರು ತಿಂಗಳು ದಾಟಿದ್ರ ಕೋರ್ಟ್‌ನ್ಯಾಗ ಕೇಸು ತಗೊಳ್ಳಂಗಿಲ್ಲ. ಆಮ್ಯಾಲೆ ನನ್ನ ಬೈಬ್ಯಾಡ್ರಿ."

ಆರು ತಿಂಗಳ ಮಾತು ಸುಳ್ಳಲ್ಲ. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಹಾಗೇ ಇದೆ. ಆದರೆ ಆಕ್ಸಿಡೆಂಟ್ ಆಗಿ ಇನ್ನೂ ಒಂದು ವಾರವೂ ಆಗಿರಲಿಲ್ಲ! ಆರು ತಿಂಗಳು ಪೂರ್ತಿ ನನ್ನ ಕೈಯಲ್ಲಿತ್ತು. ನಿದ್ದೆ ಇಲ್ಲ, ಸಾಲದ ಚಿಂತೆ, ಅವಳು ನೋವಿನಿಂದ ನರಳುತ್ತಿದ್ದಳು. ಆ ಗಾಬರಿಯಲ್ಲಿ ನಾನು ದಿನ ಲೆಕ್ಕ ಹಾಕಲಿಲ್ಲ. ವಕಾಲತ್ತಿಗೆ, ಅಂದರೆ ನಮ್ಮ ಪರವಾಗಿ ಕೇಸು ನಡೆಸಲು ವಕೀಲರಿಗೆ ಕೊಡುವ ಒಪ್ಪಿಗೆ ಕಾಗದಕ್ಕೆ, ಅವಳು ಸಹಿ ಹಾಕಿದಳು. ನಾಲ್ಕು ಖಾಲಿ ಹಾಳೆಗೂ ಹಾಕಿದಳು. ನಾನು ನನ್ನ ಎರಡು ಖಾಲಿ ಚೆಕ್ ಸಹಿ ಮಾಡಿ ಕೊಟ್ಟೆ. "ಸೆಕ್ಯುರಿಟಿ ಸಲುವಾಗಿ ಅಷ್ಟ, ಎಲ್ಲಾರೂ ಕೊಡ್ತಾರ" ಅಂದ. ಎಲ್ಲರೂ ಕೊಡ್ತಾರೆ ಅಂದಿದ್ದಕ್ಕೆ ಕೊಟ್ಟೆ.

ಆಮೇಲೆ ಒಂದೂವರೆ ವರ್ಷ ವಕೀಲರ ಮುಖವನ್ನೇ ನೋಡಲಿಲ್ಲ. ಫೋನ್ ಮಾಡಿದರೆ ಇವನೇ ಎತ್ತುತ್ತಿದ್ದ. ಒಂದು ರೂಪಾಯಿ ಬೇಡ ಅಂದವನು ಟೈಪಿಂಗ್‌ಗೆ ಎರಡು ಸಾವಿರ, ಪೊಲೀಸ್ ಕಾಗದಕ್ಕೆ ಮೂರು ಸಾವಿರ ಅಂತ ಫೋನ್‌ಪೇ ಮಾಡಿಸಿಕೊಂಡು ಒಟ್ಟು 12,000 ತೆಗೆದುಕೊಂಡ. ರಸೀದಿ ಕೇಳಿದರೆ "ಇದಕ್ಕೆಲ್ಲಾ ರಸೀದಿ ಎಲ್ಲಿ ಕೊಡ್ತಾರ್ರಿ" ಅನ್ನುತ್ತಿದ್ದ.

ಲೋಕ ಅದಾಲತ್ ದಿನ ಹುಬ್ಬಳ್ಳಿ ಕೋರ್ಟಿಗೆ ಬರಹೇಳಿದ. ವಕೀಲರನ್ನು ಅವತ್ತೇ ಮೊದಲು ನೋಡಿದ್ದು. ವರಾಂಡದಲ್ಲಿ ನಿಂತುಕೊಂಡೇ 3,40,000ಕ್ಕೆ ಮಾತಾಗಿದೆ ಅಂದರು. ಕಡಿಮೆ ಆಯಿತಲ್ಲಾ ಸರ್ ಅಂದೆ. "ಇಲ್ಲಾಂದ್ರೆ ಇನ್ನೂ ನಾಲ್ಕು ವರ್ಷ ಓಡಾಡಿ" ಅಂದು ಒಳಗೆ ಹೋದರು. ಏಜೆಂಟ ನನ್ನ ಹೆಂಡತಿಗೆ "ಜಡ್ಜ್ ಸಾಹೇಬ್ರು ಕೇಳಿದ್ರ ಹೂಂ ಅನ್ರಿ ವೈನಿ, ಬ್ಯಾರೆ ಏನೂ ಮಾತಾಡಬ್ಯಾಡ್ರಿ" ಅಂತ ಹೇಳಿಕೊಟ್ಟ.

ಜಡ್ಜ್ ಸರಿಯಾಗಿಯೇ ಕೇಳಿದರು. "ನಿಮಗೆ ಒಪ್ಪಿಗೆ ಇದೆಯೇನಮ್ಮಾ?" ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಹೂಂ ಅಂದಳು. ಅಷ್ಟೇ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಅಪೀಲು ಇಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಅವಳು ನನ್ನ ಮುಖ ನೋಡಿದ ಆ ಗಳಿಗೆ ಮರೆಯೋಕೆ ಆಗುತ್ತಿಲ್ಲ.

ದುಡ್ಡು ಅವಳ ಖಾತೆಗೆ ಬಂತು. ಅವತ್ತೇ ಸಂಜೆ ಅವನು ಅಂಗಡಿಗೆ ಬಂದ. ಚೀಟಿಯಲ್ಲಿ ಲೆಕ್ಕ. 30 ಪರ್ಸೆಂಟ್ ಅಂದರೆ 1,02,000. ಡಾಕ್ಟರ್ ಸಾಕ್ಷಿಗೆ 15,000. ಕೋರ್ಟ್ ಕಾಗದಕ್ಕೆ 8,000. ಇತರೆ 10,000. ಒಟ್ಟು 1,35,000.

"ಡಾಕ್ಟರು ಸಾಕ್ಷಿ ಹೇಳಲು ಕೋರ್ಟಿಗೆ ಬಂದೇ ಇಲ್ವಲ್ಲ?" ಅಂದೆ.

"ಬರೂದಿತ್ತು. ಮೊದಲ ಕೊಟ್ಟಿದ್ದೆ."

"ಇತರೆ ಅಂದ್ರೆ ಏನು?"

"ಅಣ್ಣಾರ, ಇತರೆ ಅಂದ್ರ ಇತರೆ."

ಇದೇ ಮಾತು. ಇತರೆ ಅಂದ್ರ ಇತರೆ. 60,000 ಕೊಡುತ್ತೇನೆ ಅಂದೆ. ಏನೂ ಮಾತಾಡದೆ ಎದ್ದು ಹೋದ. ವಕೀಲರಿಗೆ ಫೋನ್ ಮಾಡಿದೆ. "ಅದು ನೀವು ಅವನು ಮಾತಾಡಿಕೊಂಡದ್ದು, ನನಗೆ ಸಂಬಂಧ ಇಲ್ಲ" ಅಂದು ಇಟ್ಟುಬಿಟ್ಟರು. ಕೇಸು ನಡೆಸಿದವರಿಗೆ ಸಂಬಂಧ ಇಲ್ಲವಂತೆ!

ಮೂರು ವಾರಕ್ಕೆ ರಿಜಿಸ್ಟರ್ ಪೋಸ್ಟ್ ಬಂತು. ನನ್ನ ಖಾಲಿ ಚೆಕ್ ಮೇಲೆ 2,00,000 ಬರೆದು ಬ್ಯಾಂಕಿಗೆ ಹಾಕಿದ್ದ. ಖಾತೆಯಲ್ಲಿ ಅಷ್ಟು ಇರಲಿಲ್ಲ, ಬೌನ್ಸ್ ಆಯಿತು. ನಾನು ಅವನ ಹತ್ತಿರ ಕೈಗಡ ಸಾಲ ತೆಗೆದುಕೊಂಡಿದ್ದೇನೆ, 15 ದಿನದಲ್ಲಿ ಕೊಡದಿದ್ದರೆ ಚೆಕ್ ಬೌನ್ಸ್ ಕೇಸು ಅಂತ ನೋಟಿಸ್. ಹಣ್ಣು ತಂದುಕೊಟ್ಟವನಿಂದ ನಾನು ಸಾಲ ತೆಗೆದುಕೊಂಡೆನಂತೆ. ಆ ಕಾಗದ ಓದುವಾಗ ನನ್ನ ಕೈ ನಡುಗುತ್ತಿತ್ತು. ಹೆಂಡತಿ ಎರಡು ದಿನ ಊಟ ಬಿಟ್ಟಳು. "ಕೊಟ್ಟು ಕೈ ತೊಳಕೋರಿ" ಅಂತ ಅತ್ತಳು. 1,20,000 ಕೊಟ್ಟು ಆ ಚೆಕ್ ವಾಪಸ್ ಪಡೆದೆ. ಅವತ್ತೇ ಯಾರಾದರೂ ಒಳ್ಳೆಯ ವಕೀಲರ ಹತ್ತಿರ ಹೋಗಿದ್ದರೆ ನೋಟಿಸಿಗೆ ಉತ್ತರ ಕೊಡಬಹುದಿತ್ತು. ಹೋಗಲಿಲ್ಲ. ಹೆದರಿದೆ.

ಇಷ್ಟಾದ ಮೇಲೆ ನಿಜ ಗೊತ್ತಾಗಿದ್ದು ನನ್ನ ಅಂಗಡಿಯಲ್ಲೇ. ಒಬ್ಬ ಅಕ್ಕಾರು ಕಾನೂನು ಸೇವಾ ಪ್ರಾಧಿಕಾರದ ಅರ್ಜಿ ಝೆರಾಕ್ಸ್ ಮಾಡಿಸಲು ಬಂದರು. ಮಷಿನ್ ಮೇಲೆ ಇಡುವಾಗ ಓದಿದೆ. ಹೆಣ್ಣುಮಕ್ಕಳಿಗೆ ಸರ್ಕಾರದ ಕಡೆಯಿಂದಲೇ ಉಚಿತ ವಕೀಲರು. ಆದಾಯ ಎಷ್ಟಿದ್ದರೂ ಸರಿ. 1987ರ ಕಾಯ್ದೆಯಿಂದಲೇ ಈ ಸೌಲಭ್ಯ ಇದೆ. ನನ್ನ ಹೆಂಡತಿಗೆ ಫೀಸೇ ಇಲ್ಲದೆ ವಕೀಲರು ಸಿಗುತ್ತಿದ್ದರು!

ಮರುದಿನ ಅಂಗಡಿ ಮುಚ್ಚಿ ಧಾರವಾಡಕ್ಕೆ ಹೋದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇದೆ. ಅಲ್ಲಿಯ ವಕೀಲರೊಬ್ಬರು ನಮ್ಮ ಕೇಸಿನ ನಕಲು ತರಿಸಿ ಓದಿದರು. ಒಂದು ಕಡೆ ಬೆರಳಿಟ್ಟು "ನಿಮ್ಮ ಮನೆಯವರು ಏನು ಮಾಡ್ತಾರೆ?" ಅಂತ ಕೇಳಿದರು. ಹೊಲಿಗೆ ಅಂದೆ. ಅರ್ಜಿಯಲ್ಲಿ "ಗೃಹಿಣಿ" ಅಂತಿತ್ತು. ಹೊಲಿಗೆಯ ಮಾತೇ ಇಲ್ಲ. ಮಷಿನ್ ತುಳಿಯೋಕೆ ಆಗಲ್ಲ ಅನ್ನೋದು ಇಲ್ಲ. ರಾಡ್ ತೆಗೆಯಲು ಇನ್ನೊಂದು ಆಪರೇಷನ್ ಬೇಕು ಅನ್ನೋದೂ ಇಲ್ಲ. ಯಾರೂ ಅವಳನ್ನು ಕೇಳಿಯೇ ಇರಲಿಲ್ಲ.

ಅವರು ಹಾಳೆಯ ಹಿಂದೆ ಲೆಕ್ಕ ಬರೆದು ತೋರಿಸಿದರು. ವಯಸ್ಸು 38, ಅದಕ್ಕೆ ಗುಣಕ 15, ಅಂದರೆ ಒಂದು ವರ್ಷದ ನಷ್ಟವನ್ನು 15ರಿಂದ ಗುಣಿಸಬೇಕು. ತಿಂಗಳಿಗೆ 12,000 ದುಡಿಮೆ, ಕೆಲಸ ಮಾಡುವ ಶಕ್ತಿ 15 ಪರ್ಸೆಂಟ್ ಕಡಿಮೆ ಆಗಿದೆ ಅಂತ ಹಿಡಿದರೆ, ಮುಂದಿನ ದುಡಿಮೆಯ ನಷ್ಟ ಒಂದಕ್ಕೇ 3,24,000. ಆಸ್ಪತ್ರೆ ಬಿಲ್, ನೋವು, ಮುಂದಿನ ಆಪರೇಷನ್ ಇದರ ಮೇಲೆ ಬೇರೆ. ಇಷ್ಟೇ ಬರುತ್ತಿತ್ತು ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂದರು. ಆದರೆ ಕೇಳಲೇ ಇಲ್ಲವಲ್ಲ! ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಗಂಭೀರ ಗಾಯಕ್ಕೆ 2,50,000 ಕೇಳುವ ದಾರಿ ಕಾನೂನಿನಲ್ಲೇ ಇದೆ. ನಮಗೆ ಕೊಡಿಸಿದ್ದು ಅದಕ್ಕಿಂತ 90,000 ಜಾಸ್ತಿ ಅಷ್ಟೇ. ಅದರಲ್ಲಿ 1,32,000 ಅವನೇ ತಿಂದ. ಬಿಲ್ ಕಳೆದರೆ ನಮಗೆ ಉಳಿದದ್ದು 62,000.

ಇನ್ನೊಂದು ಮಾತು. ಪರಿಹಾರದಲ್ಲಿ ಪರ್ಸೆಂಟ್ ಪಾಲು ಮಾತಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ವಕೀಲರಿಗೆ ನಿಷೇಧಿಸಿದೆ. ಏಜೆಂಟರನ್ನು ಕಳಿಸಿ ಕೇಸು ಹಿಡಿಯುವುದೂ ತಪ್ಪು. ನಾವು ಅದನ್ನೇ ವಾಡಿಕೆ ಅಂದುಕೊಂಡಿದ್ದೇವೆ. ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೆದಿದ್ದೇನೆ.

ಎಲ್ಲ ವಕೀಲರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಮೂಳೆ ಮುರಿದಿದೆ, ದುಡಿಮೆ ನಿಂತಿದೆ ಅಂದರೆ ವಕೀಲರು ಬೇಕೇ ಬೇಕು. ಡಾಕ್ಟರ್ ಸಾಕ್ಷಿ, ಆದಾಯದ ದಾಖಲೆ ನಮ್ಮಂಥವರಿಂದ ಆಗಲ್ಲ. ಸಣ್ಣ ಗಾಯವಾದರೆ ಮೊದಲು ಪೊಲೀಸರು ವರದಿ ಕಳಿಸಿದ್ದಾರಾ ಕೇಳಿ. ಅವರು ಮೂರು ತಿಂಗಳೊಳಗೆ ಕ್ಲೇಮು ಕೋರ್ಟಿಗೆ ವರದಿ ಕಳಿಸಬೇಕು, ಅದನ್ನೇ ಅರ್ಜಿಯಾಗಿ ತೆಗೆದುಕೊಳ್ಳಬೇಕು ಅಂತ ಕಾನೂನಿದೆ. ವಕೀಲರನ್ನು ನೀವೇ ಹುಡುಕಿಕೊಂಡು ಹೋಗಿ, ಮುಖ ನೋಡಿ ಮಾತಾಡಿ. ಫೀಸು ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಅರ್ಜಿ ಹಾಕುವ ಮೊದಲು ಪೂರ್ತಿ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಉಚಿತ ಸಹಾಯಕ್ಕೆ 15100ಕ್ಕೆ ಫೋನ್ ಮಾಡಿ. ಆರು ತಿಂಗಳು ಇದೆ. ಮನೆಗೆ ಬನ್ನಿ, ಊಟ ಮಾಡಿ, ನಿದ್ದೆ ಮಾಡಿ, ಆಮೇಲೆ ಯೋಚಿಸಿ.

ನಾನು ಕೊಟ್ಟದ್ದು ಎರಡು ಚೆಕ್, ವಾಪಸ್ ಬಂದದ್ದು ಒಂದು. ಇನ್ನೊಂದಕ್ಕೆ ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಬರೆದುಕೊಟ್ಟಿದ್ದೇನೆ. ಚೆಕ್ ಹಿಂತಿರುಗಿಸು ಅಂತ ಧಾರವಾಡದ ವಕೀಲರ ಕೈಯಿಂದ ನೋಟಿಸೂ ಕಳಿಸಿದ್ದೇನೆ. ಅವನು ಫೋನಿನಲ್ಲಿ ಕೊಟ್ಟ ಉತ್ತರ ಇಷ್ಟು: "ಎಲ್ಲೋ ಫೈಲ್‌ನ್ಯಾಗ ಐತಿ ಅಣ್ಣಾರ, ಸಿಕ್ಕರ ಕೊಡ್ತೇನಿ."